ಹೆಚ್ಚುಕಡಿಮೆ

ಮುಂಬಯಿಯ ಬೈಕುಲ್ಲಾ ಸ್ಟೇಷನ್ನಿನ ಬಳಿಯ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಮಾವಶಿ ಕೂರುತ್ತಾಳೆ. ಸಗಟು ವ್ಯಾಪಾರವೆಲ್ಲ ವಾಶಿಗೆ ಹೋಗಿ ವರ್ಷಗಳೇ ಆದವು. ಆದರೂ ಹಳೆಯ ಗದ್ದಲ ಈ ಜಾಗವನ್ನು ಬಿಟ್ಟಿಲ್ಲ. ಮಾವಶಿಯದು ಒಂದು ಗೋಣಿತಾಟಿನಷ್ಟು ಅಂಗಡಿ. ತೊಂಡೆ, ಬೆಂಡೆ, ಮೂಲೆಯಲ್ಲಿ ಒದ್ದೆ ಬಟ್ಟೆ ಹೊದ್ದ ಕೊತ್ತಂಬರಿ. ಇತ್ತೀಚಿನವರೆಗೂ ಅವಳ ಕೈಯಲ್ಲಿದ್ದದ್ದು ಹಳೆಯ ತಕ್ಕಡಿಯೇ. ಅರ್ಧ ಕಿಲೋ ಬೆಂಡೆ ಕೇಳಿದರೆ ಬಟ್ಟು ಒಂದು ತಟ್ಟೆಗೆ, ಬೆಂಡೆ ಇನ್ನೊಂದಕ್ಕೆ. ಮುಳ್ಳು ಆ ಕಡೆ ಈ ಕಡೆ ಆಡುತ್ತದೆ. ಒಂದು ಕಾಯಿ ತೆಗೆದು ಚಿಕ್ಕದೊಂದನ್ನು ಇಡುತ್ತಾಳೆ. ಮುಳ್ಳು ಇನ್ನೇನು ನಡುವೆ ನಿಂತಿತು ಅನ್ನುವಾಗ ಮತ್ತೊಂದು ಕಾಯಿ ಬಂದು ಬಿದ್ದು ನನ್ನ ತಟ್ಟೆ ಕೆಳಗಿಳಿಯುತ್ತದೆ. ಚೀಲಕ್ಕೆ ಸುರಿಯುವಾಗ ಎರಡು ಹಸಿಮೆಣಸು, ಒಂದೆಸಳು ಕರಿಬೇವು. “ಉನ್ನೀಸ್-ಬೀಸ್ ಚಲ್ತಾ ಹೈ, ಕಾಕಾ” ಎನ್ನುತ್ತಾಳೆ. ನಮ್ಮೂರ ಸಂತೆಯಲ್ಲಿ ಈ ಮೇಲಿನದ್ದಕ್ಕೆ ಕೊಸರು ಎಂದು ಹೆಸರು.

ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಇರುವಷ್ಟೇ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡ ಎಂಬುದು ಮುಂಬಯಿಯ ಆ ಮಾತಿನ ಅರ್ಥ. ಕನ್ನಡದಲ್ಲಿ ನಾವು ಅದನ್ನೇ ಹೆಚ್ಚುಕಡಿಮೆ ಎನ್ನುತ್ತೇವೆ. ಮೈಸೂರಿನ ಕಡೆಯವರ ಬಾಯಲ್ಲಿ ಹೆಚ್ಚುಕಮ್ಮಿ, ಧಾರವಾಡದ ಕಡೆ ಹೆಚ್ಚುಕಡಿಮಿ. ಮಾತಿನಲ್ಲೇ ಅಷ್ಟು ಹೆಚ್ಚುಕಡಿಮೆ! “ಮದುವೆಗೆ ಹೆಚ್ಚುಕಡಿಮೆ ಐನೂರು ಜನ ಬಂದಿದ್ದರು” ಅಂದಾಗ ಈ ಪದ ಬಹಳ ಸಾಧು. ನಾನೂರೆಂಬತ್ತೋ ಐನೂರಹತ್ತೋ, ಅಡುಗೆ ಸಾಕಾಯಿತಲ್ಲ. ಆದರೆ ಅದೇ ಮದುವೆಮನೆಯ ಯಜಮಾನ ರಾತ್ರಿ ನಿದ್ದೆ ಬಾರದೆ ಎದ್ದು ಕೂತು, “ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರು ಹೊಣೆ?” ಎನ್ನುತ್ತಾನೆ. ಈಗ ಪದ ಸಾಧುವಲ್ಲ. ಅನಾಹುತಕ್ಕೂ ಅದೇ ಹೆಸರು. ನಿಘಂಟಿನವರು ಇದನ್ನು ಎರಡು ಅರ್ಥವೆಂದು ಬಿಡಿಸಿ ಬರೆದಾರು. ನನಗೆ ಮಾತ್ರ ನಮ್ಮ ಹಿರಿಯರು ತಿಳಿದೇ ಒಂದು ಪದದಲ್ಲಿ ಎರಡನ್ನೂ ಕಟ್ಟಿಟ್ಟರು ಅನಿಸುತ್ತದೆ. ಎರಡನೆಯ ಅರ್ಥ ಬಂದಾಗಲೆಲ್ಲ ಅದರ ಬಾಲದಂತೆ ‘ಯಾರು ಹೊಣೆ’ ಎಂಬ ಪ್ರಶ್ನೆಯೂ ಬರುತ್ತದೆ, ಗಮನಿಸಿ.

ಗಣಿತಕ್ಕೆ ಈ ಭಯವಿಲ್ಲ. ಒಂದು ಏರಿದರೆ ಇನ್ನೊಂದು ಹೇಗೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದೇ ಅದಕ್ಕೆ ವ್ಯತ್ಯಾಸದ ಅರ್ಥ. 8 ಆಳು ಒಂದು ಗದ್ದೆಯನ್ನು 6 ದಿನಗಳಲ್ಲಿ ಕೊಯ್ದರೆ 12 ಆಳು ಎಷ್ಟು ದಿನಗಳಲ್ಲಿ ಕೊಯ್ಯುವರು? ನಾಲ್ಕು. ಆಳು ಹೆಚ್ಚಿದಂತೆ ದಿನ ಕಡಿಮೆ. ಈಗಿನ ಪಠ್ಯಪುಸ್ತಕ ಇದನ್ನು ವಿಲೋಮ ಅನುಪಾತ ಎನ್ನುತ್ತದೆ, ಹಿಂದಿನವರು ವ್ಯಸ್ತ ತ್ರೈರಾಶಿ ಎನ್ನುತ್ತಿದ್ದರು. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಯನ್ನು ಸಂಸ್ಕೃತದಲ್ಲಿ ಹೇಳಿದ. 12ನೇ ಶತಮಾನದ ರಾಜಾದಿತ್ಯ ತನ್ನ ವ್ಯವಹಾರಗಣಿತದಲ್ಲಿ ಅದನ್ನೇ ಕನ್ನಡಕ್ಕೆ ತಂದ. ಹುಡುಗನಾಗಿದ್ದಾಗ ನಾನು ಈ ಆಳಿನ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದರೆ, ಜಗಲಿಯಲ್ಲಿ ಕೂತ ಅಜ್ಜ ಎಲೆ-ಅಡಿಕೆ ಮೆಲ್ಲುತ್ತ ಕೇಳಿದ್ದ: “ಆ ಹನ್ನೆರಡರಲ್ಲಿ ಬೀಡಿ ಸೇದುವವರು ಎಷ್ಟು ಮಂದಿ ಅಂತ ಕೊಟ್ಟಿಲ್ಲವೇನೋ?”

ಅಜ್ಜ ಗದ್ದೆ ಮಾಡಿಸಿದವನು. ಹನ್ನೆರಡು ಆಳು ಹನ್ನೆರಡು ಥರ ಎಂದು ಬಲ್ಲವನು. ಲೆಕ್ಕದ ಪುಸ್ತಕ ಬಾಯಿಬಿಟ್ಟು ಹೇಳದೆ ಒಂದು ಷರತ್ತು ಹಾಕಿರುತ್ತದೆ: ಉಳಿದೆಲ್ಲ ಸಮ. ಆಳುಗಳೆಲ್ಲ ಒಂದೇ, ಬಿಸಿಲು ಒಂದೇ, ಕುಡುಗೋಲಿನ ಹರಿತ ಒಂದೇ. ಆ ಷರತ್ತಿಲ್ಲದಿದ್ದರೆ ಲೆಕ್ಕವೇ ಹುಟ್ಟುವುದಿಲ್ಲ, ನಿಜ. ಆದರೆ ಷರತ್ತು ಪುಸ್ತಕದಿಂದಾಚೆ ಎಲ್ಲಿಯಾದರೂ ಸಿಗುತ್ತದೆಯೇ? ಸಿಕ್ಕ ಒಂದು ಜಾಗವನ್ನು ಆಮೇಲೆ ಹೇಳುತ್ತೇನೆ. ಅದು ಇದೇ ಬೈಕುಲ್ಲಾದಲ್ಲಿದೆ.

ವಿಜ್ಞಾನದವರ ಕಥೆ ಬೇರೆ. ಅವರು ಅಳೆಯುವವರು. ಅಳೆದವರಿಗೆಲ್ಲ ಗೊತ್ತಿರುವ ಸಂಕಟವೆಂದರೆ ಒಂದನ್ನೇ ಎರಡು ಸಲ ಅಳೆದರೆ ಎರಡು ಉತ್ತರ. ನಮ್ಮ ಮನೆಯ ಬಿಪಿ ಮಷಿನ್ನನ್ನೇ ನೋಡಿ. ಬೆಳಿಗ್ಗೆ 138 ತೋರಿಸುತ್ತದೆ, ಹತ್ತು ನಿಮಿಷ ಬಿಟ್ಟು ಕಟ್ಟಿದರೆ 129. ಮಗ ಫೋನಿನಲ್ಲಿ ಬೈಕ್ ಕೊಳ್ಳುವ ಮಾತು ತೆಗೆದ ಮೇಲೆ 146. ಯಾವುದು ನನ್ನ ಬಿಪಿ? ಡಾಕ್ಟರರನ್ನು ಕೇಳಿದರೆ, “ಒಂದು ವಾರ ಎಲ್ಲವನ್ನೂ ಬರೆದು ತನ್ನಿ” ಅಂದರು. ಸರಾಸರಿ ತನ್ನಿ ಅನ್ನಲಿಲ್ಲ. ಸರಾಸರಿ ಎಷ್ಟೆಂಬುದರ ಜೊತೆಗೆ ಅದರ ಸುತ್ತ ಎಷ್ಟು ತೂಗಾಡುತ್ತದೆ ಎಂಬುದೂ ಅವರಿಗೆ ಬೇಕಿತ್ತು. ಸಂಖ್ಯಾಶಾಸ್ತ್ರದಲ್ಲಿ ಆ ತೂಗಾಟದ ಅಳತೆಗೆ ಮಾನಕ ವಿಚಲನೆ ಎಂಬ ಘನವಾದ ಹೆಸರಿದೆ. ಬೈಕುಲ್ಲಾದಲ್ಲಿ ರೈಲು ಹತ್ತುವವರಿಗೆ ಹೆಸರು ಗೊತ್ತಿಲ್ಲದೆಯೂ ವಿಷಯ ಗೊತ್ತು. ಇಲ್ಲಿ ರೈಲಿಗೆ ನಿಮಿಷವೇ ಹೆಸರು: ಎಂಟು ಹದಿಮೂರರ ಫಾಸ್ಟ್, ಎಂಟು ಇಪ್ಪತ್ತರ ಸ್ಲೋ. ಒಂದು ಗಾಡಿ ದಿನಾ ನಾಲ್ಕೈದು ನಿಮಿಷ ತಡ ಎಂದಿಟ್ಟುಕೊಳ್ಳಿ. ಇನ್ನೊಂದು ನಾಲ್ಕು ದಿನ ಸರಿಯಾಗಿ ಬಂದು ಐದನೆಯ ದಿನ ಇಪ್ಪತ್ತೈದು ನಿಮಿಷ ತಡ. ಕಾಗದದ ಮೇಲೆ ಎರಡರ ಸರಾಸರಿಯೂ ಹೆಚ್ಚುಕಡಿಮೆ ಒಂದೇ. ಮಗಳ ಇಂಟರ್‌ವ್ಯೂಗೆ ಯಾವುದನ್ನು ಹಿಡಿಯಲು ಹೇಳುತ್ತೀರಿ?

ಈ ತೂಗಾಟವನ್ನೇ ಬದುಕಿನ ವಿದ್ಯೆ ಮಾಡಿಕೊಂಡ ಸಿ. ಆರ್. ರಾವ್ ಹುಟ್ಟಿದ್ದು ಮಲ್ಲಿಗೆಗೆ ಹೆಸರಾದ ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 2023ರಲ್ಲಿ, ನೂರ ಎರಡು ದಾಟಿ ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ಬಂತು. ಖಚಿತವಲ್ಲದ ತಿಳಿವಳಿಕೆಯೂ, ಅದು ಎಷ್ಟು ಅಖಚಿತ ಎಂದು ಗೊತ್ತಾದೊಡನೆ ಬಳಕೆಗೆ ಬರುತ್ತದೆ ಎಂಬುದು ಅವರ ವಿಚಾರದ ತಿರುಳು. ಇಡ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ ಎಂದು ಯಾವ ಗೃಹಿಣಿಯೂ ನಿಮಿಷ ಹೇಳಲಾರಳು. ಡಿಸೆಂಬರಿನಲ್ಲಿ ಎರಡು ತಾಸು ಹೆಚ್ಚು ಹಿಡಿದೀತು ಎಂದು ಹೇಳಬಲ್ಲಳು. ಅಷ್ಟು ಸಾಕು, ಬೆಳಗಿನ ತಿಂಡಿ ಆಗುತ್ತದೆ.

ಗಡಿಯಾರದ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. 1955ರವರೆಗೆ ಮುಂಬಯಿಗೆ ಎರಡು ಸಮಯವಿತ್ತು. 1906ರಿಂದ ದೇಶಕ್ಕೆಲ್ಲ ಒಂದೇ ಕಾಲಮಾನ ಬಂದರೂ ಇಲ್ಲಿನ ಮುನ್ಸಿಪಾಲಿಟಿ ಹಳೆಯ ‘ಬಾಂಬೆ ಟೈಮ್’ ಅನ್ನು ಬಿಟ್ಟುಕೊಡಲಿಲ್ಲ. ಅದು ಹೊಸ ಸಮಯಕ್ಕಿಂತ 39 ನಿಮಿಷ ಹಿಂದೆ. ಹತ್ತಕ್ಕೆ ಬಾ ಎಂದರೆ ಯಾರ ಹತ್ತು ಎಂದು ಕೇಳಬೇಕಾಗಿದ್ದ ಊರು! ನಮಗೀಗ ಇದು ತಮಾಷೆ. ಆದರೆ 1906ರ ಜನವರಿಯಲ್ಲಿ ಗಿರಣಿ ಕಾರ್ಮಿಕರು ಈ ಹೊಸ ಸಮಯದ ವಿರುದ್ಧ ಸಿಟ್ಟಿಗೆದ್ದಿದ್ದರು. ಗಿರಣಿಯ ಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸಿದರೆ ಸೂರ್ಯನೇನೂ ಬೇಗ ಹುಟ್ಟುವುದಿಲ್ಲ. ಬೇಗ ಏಳಬೇಕಾದವನು ಕೂಲಿಯವನು. 39 ನಿಮಿಷದ ಹೆಚ್ಚುಕಡಿಮೆ ಹೋಗಿ ಬಿದ್ದದ್ದು ಅವನ ನಿದ್ದೆಯ ಮೇಲೆ.

ಬೈಕುಲ್ಲಾದ ಮೃಗಾಲಯ ರಾಣಿಬಾಗಿಗೆ ಹೋದವರು ಅಲ್ಲಿ ಡೇವಿಡ್ ಸಸೂನ್ ಗಡಿಯಾರ ಗೋಪುರವನ್ನು ನೋಡಿರುತ್ತೀರಿ. ಅದರ ಪಕ್ಕದಲ್ಲೇ ಮ್ಯೂಸಿಯಂ. 1872ರಲ್ಲಿ ತೆರೆದಾಗ ಅದಕ್ಕಿದ್ದದ್ದು ವಿಕ್ಟೋರಿಯಾ ರಾಣಿಯ ಮತ್ತು ಅವಳ ಗಂಡನ ಹೆಸರು; 1975ರಲ್ಲಿ ಡಾ. ಭಾವು ದಾಜಿ ಲಾಡ್ ಎಂದಾಯಿತು. ಮಕ್ಕಳು ಪೆಂಗ್ವಿನ್ ನೋಡುವ ಅವಸರದಲ್ಲಿ ಈ ಹೆಸರಿನ ಮುಂದೆ ಓಡಿಹೋಗುತ್ತಾರೆ, ಹಿಂದೆ ದೊಡ್ಡವರೂ. ಭಾವು ದಾಜಿ ವೈದ್ಯರು; ಜೊತೆಗೆ ಹಳೆಯ ಓಲೆಗಳ ಹುಚ್ಚು. ಗಣಿತಜ್ಞ ಆರ್ಯಭಟನ ಗ್ರಂಥದ ಪ್ರತಿಗಳನ್ನು ಹುಡುಕಿ, 1865ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಕಾಲ, ಕೃತಿಗಳ ಬಗ್ಗೆ ಬರೆದರು. ಆ ಬರಹದಲ್ಲಿ ಒಂದು ಸಣ್ಣ ತಿದ್ದುಪಡಿಯೂ ಇದೆ: ಹೆಸರು ಆರ್ಯಭಟ್ಟ ಅಲ್ಲ, ಆರ್ಯಭಟ.

ಒಂದು ಒತ್ತಕ್ಷರ. ಉನ್ನೀಸ್-ಬೀಸ್ ಎಂದು ಬಿಟ್ಟುಬಿಡಬಹುದಾಗಿತ್ತಲ್ಲ ಅನಿಸೀತು. ಆದರೆ ಶಾಲೆಯಲ್ಲಿ ಲಘು-ಗುರು ಹಾಕಿ ಬೈಸಿಕೊಂಡ ನಮಗೆ ಗೊತ್ತಿದೆ, ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ‘ಭಟ’ ಎಂದರೆ ಎರಡು ಮಾತ್ರೆ, ‘ಭಟ್ಟ’ ಎಂದರೆ ಮೂರು. ಹಳೆಯ ಶ್ಲೋಕಗಳಲ್ಲಿ ಅವನ ಹೆಸರು ಬರುವ ಹೆಚ್ಚಿನ ಕಡೆ ಆ ಒಂದು ಮಾತ್ರೆ ಕೂಡಿಸಿದರೆ ಛಂದಸ್ಸು ಮುರಿಯುತ್ತದೆ. ನಕಲು ಮಾಡುವವನ ಕೈ ತೂಗಾಡಿದ್ದು ಯಾವುದು, ಕವಿಯೇ ಇಟ್ಟದ್ದು ಯಾವುದು ಎಂದು ಪಾಠಾಂತರಗಳ ನಡುವೆ ಬೇರ್ಪಡಿಸಿ ನೋಡುವುದೂ ಒಂದು ಸಂಖ್ಯಾಶಾಸ್ತ್ರವೇ. ಮ್ಯೂಸಿಯಂಗೆ ಭಾವು ದಾಜಿಯವರ ಹೆಸರು ಬಂದ ಆ 1975ರಲ್ಲೇ, ಏಪ್ರಿಲ್ 19ರಂದು, ಭಾರತದ ಮೊದಲ ಉಪಗ್ರಹ ಮೇಲೆ ಹೋಯಿತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ್ದು. ಅದಕ್ಕೆ ಇಟ್ಟ ಹೆಸರು ಆರ್ಯಭಟ, ಒತ್ತಿಲ್ಲದೆ. ಜನರ ಬಾಯಲ್ಲಿ ಈಗಲೂ ಆರ್ಯಭಟ್ಟನೇ. ಇರಲಿ, ಬಾಯಿಗೆ ಛಂದಸ್ಸು ಕಲಿಸುವವರಾರು!

ಈಗ ಆ ‘ಉಳಿದೆಲ್ಲ ಸಮ’ದ ಜಾಗಕ್ಕೆ ಬರೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಮನೆಗಳಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಅಕಾಸಿಯೋ ವಿಯೇಗಾಸ್ ಇದು ಪ್ಲೇಗು ಎಂದು ಗುರುತಿಸಿದರು. ಜನ ಊರು ಬಿಟ್ಟು ಓಡಿದರು. ಆಗ ಸರ್ಕಾರ ಕರೆಸಿಕೊಂಡದ್ದು ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು. ಬೈಕುಲ್ಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟರಲ್ಲಿ ಮೂರು ತಿಂಗಳೊಳಗೆ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮೊದಲ ಸೂಜಿ ಚುಚ್ಚಿಸಿಕೊಂಡವರು ಸ್ವತಃ ಅವರೇ, ಅದೂ ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ದೊಡ್ಡ ಪ್ರಮಾಣದಲ್ಲಿ. ಜ್ವರ ಬಂತು, ಇಳಿಯಿತು.

ಒಬ್ಬ ಮನುಷ್ಯ ಬದುಕಿದ್ದರಿಂದ ಲಸಿಕೆ ಕೊಲ್ಲುವುದಿಲ್ಲ ಎಂದು ಗೊತ್ತಾಗುತ್ತದೆ, ಕಾಯುತ್ತದೆ ಎಂದು ಗೊತ್ತಾಗುವುದಿಲ್ಲ. ಪ್ಲೇಗಿನ ನಡುವೆ ಬಾಳಿ ರೋಗ ತಟ್ಟದವರೂ ಬೇಕಾದಷ್ಟಿದ್ದರು. ಆ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿನೊಳಗೆ ಪ್ಲೇಗು ಹೊಕ್ಕಿತು. ಹಾಫ್‌ಕಿನ್ ಅಲ್ಲಿಗೆ ಹೋಗಿ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿದರು. ಸುಮಾರು ಅರ್ಧದಷ್ಟು ಜನ. ಉಳಿದರ್ಧ ಹಾಗೆಯೇ ಇದ್ದರು. ಒಂದೇ ಗೋಡೆ, ಒಂದೇ ನೀರು, ಒಂದೇ ಅನ್ನ, ಅವೇ ಇಲಿಗಳು. ನನ್ನಜ್ಜ ಆಕ್ಷೇಪಿಸಿದ ಆ ಲೆಕ್ಕದ ಷರತ್ತು ಭೂಮಿಯ ಮೇಲೆ ಸಿಗಬೇಕಾದರೆ ಜೈಲೇ ಬೇಕಾಯಿತು ನೋಡಿ. ಮುಂದಿನ ದಿನಗಳಲ್ಲಿ ಲಸಿಕೆ ಇಲ್ಲದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ 2 ಜನಕ್ಕೆ ಬಂತು, ಯಾರೂ ಸಾಯಲಿಲ್ಲ.

ಹನ್ನೆರಡು ಮತ್ತು ಎರಡು. ಇದು ಉನ್ನೀಸ್-ಬೀಸೋ, ಅಲ್ಲವೋ? ಎರಡು ಪಾಲೂ ಸರಿಸಮವೆಂದು ಹಿಡಿದು, ಲಸಿಕೆಗೆ ಯಾವ ಶಕ್ತಿಯೂ ಇಲ್ಲ ಎಂದುಕೊಳ್ಳೋಣ. ಆಗ ರೋಗ ಬಂದ 14 ಜನರಲ್ಲಿ ಪ್ರತಿಯೊಬ್ಬನೂ ಆ ಪಾಲಿನವನೋ ಈ ಪಾಲಿನವನೋ ಎಂಬುದು ನಾಣ್ಯ ಚಿಮ್ಮಿದ ಹಾಗೆ. 14 ಸಲ ಚಿಮ್ಮಿದರೆ ತಲೆ ಎರಡೇ ಸಲ ಅಥವಾ ಅದಕ್ಕಿಂತ ಕಡಿಮೆ ಬೀಳುವುದು ಎಷ್ಟು ಅಪರೂಪ? ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು: ಆ ಹದಿನಾಲ್ಕರ ಆಟವನ್ನು ಸುಮಾರು 150 ಬಾರಿ ಆಡಿದರೆ ಒಂದು ಬಾರಿ. ಬರೀ ಅದೃಷ್ಟ ಎಂದು ತಳ್ಳಿಹಾಕುವುದು ಕಷ್ಟ. ಕೈದಿಗಳು ತಾವಾಗಿಯೇ ಮುಂದೆ ಬಂದರು ಎಂಬ ಮಾತನ್ನು ಮಾತ್ರ ನಾನು ಸ್ವಲ್ಪ ನಿಂತು ಓದುತ್ತೇನೆ. ಜೈಲಿನೊಳಗಿನ ‘ತಾವಾಗಿಯೇ’ ಎಷ್ಟು ತಾವಾಗಿಯೇ? ಹಾಗೆ ಕೇಳುವಾಗ ಇನ್ನೊಂದೂ ನೆನಪಿಗೆ ಬರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ತನಗಾಗಲಿ ಎಂದು ಆ ಮನುಷ್ಯ ಇಪ್ಪತ್ತು ದಿನ ಮೊದಲೇ ತೋಳು ಒಡ್ಡಿದ್ದರು.

ಹೆಚ್ಚುಕಡಿಮೆ ಆಗಿಯೇ ಆಯಿತು, ಐದು ವರ್ಷದ ಮೇಲೆ, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ. 1902ರ ಅಕ್ಟೋಬರ್ 30ರಂದು ಅಲ್ಲಿ 107 ಜನಕ್ಕೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಜನರಿಗೂ ಲಸಿಕೆ ಬಂದದ್ದು ಒಂದೇ ಬಾಟಲಿಯಿಂದ. ಉಳಿದ ಬಾಟಲಿಗಳವರಿಗೆ ಏನೂ ಆಗಲಿಲ್ಲ. ಒಂದು ಬಾಟಲಿ ಮಾತ್ರ ಬೇರೆಯಾಗಿ ನಡೆದುಕೊಂಡರೆ ಆ ಬಾಟಲಿಗೆ ಏನಾಯಿತು ಎಂದು ಕೇಳಬೇಕಾದದ್ದು ಸಹಜ. ವಿಚಾರಣೆ ಹೊಣೆಯನ್ನು ಮುಂಬಯಿಯ ಪ್ರಯೋಗಾಲಯದ ಮೇಲೆ ಹೊರಿಸಿತು. ಹಾಫ್‌ಕಿನ್ ಕೆಲಸ ಹೋಯಿತು. ಬಾಟಲಿಯ ಬೂಚು ತೆಗೆಯುವಾಗ ಹಳ್ಳಿಯಲ್ಲಿ ಸಹಾಯಕನ ಕೈಯಿಂದ ಇಕ್ಕುಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಎಂಬ ಸಂಗತಿಗೆ ತೂಕ ಬರಲು ವರ್ಷಗಳು ಹಿಡಿದವು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದವರು ಲಂಡನ್ನಿನ ಪತ್ರಿಕೆಯಲ್ಲಿ ಬರೆದು ಗಲಾಟೆ ಮಾಡಿದ ಮೇಲೆ ಹಾಫ್‌ಕಿನ್ ಮೇಲಿನ ಆಪಾದನೆ ತೊಲಗಿತು. ಭಾರತಕ್ಕೆ ಮರಳಿದರು, ಕಲ್ಕತ್ತೆಗೆ. ತಾವು ಕಟ್ಟಿದ ಮುಂಬಯಿಯ ಪ್ರಯೋಗಾಲಯಕ್ಕಲ್ಲ. ಪರೇಲಿನ ಆ ಸಂಸ್ಥೆಗೆ 1925ರಲ್ಲಿ ಅವರ ಹೆಸರಿಟ್ಟರು. ಐದು ವರ್ಷದ ಮೇಲೆ ಅವರು ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡರು.

ಒಂದು ಬಾಟಲಿಯ ಅನಾಹುತವನ್ನು ಇಡೀ ಪ್ರಯೋಗಾಲಯದ ತಲೆಗೆ ಕಟ್ಟಿದ್ದು ಒಂದು ತಪ್ಪು. ಅದರ ವಿರುದ್ಧ ದಿಕ್ಕಿನ ತಪ್ಪೂ ಉಂಟು: ಅನಾಹುತವನ್ನು ಬರೀ ಏರಿಳಿತವೆಂದು ಕರೆಯುವುದು. ಮಹಾರಾಷ್ಟ್ರದ ಪಾಂಡುರಂಗ ವಾಸುದೇವ ಸುಖಾತ್ಮೆ ದೊಡ್ಡ ಸಂಖ್ಯಾಶಾಸ್ತ್ರಜ್ಞರು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಬಹುಕಾಲ ಅಂಕಿಅಂಶ ವಿಭಾಗದ ಮುಖ್ಯಸ್ಥರಾಗಿದ್ದವರು. ಆರೋಗ್ಯವಂತ ಮನುಷ್ಯ ದಿನಾ ಒಂದೇ ಅಳತೆ ಉಣ್ಣುವುದಿಲ್ಲ, ಒಂದು ವಾರ ಕಡಿಮೆ, ಒಂದು ವಾರ ಹೆಚ್ಚು, ಮೈ ತಾನೇ ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಸರಾಸರಿಗಿಂತ ಕಡಿಮೆ ಉಂಡವರನ್ನೆಲ್ಲ ಅರೆಹೊಟ್ಟೆಯವರೆಂದು ಎಣಿಸಬೇಡಿ ಎಂದು ಅವರು ವಾದಿಸಿದರು. ಮಗು ಇವತ್ತು ಉಣ್ಣಲಿಲ್ಲ ಎಂದು ತಟ್ಟೆ ಹಿಡಿದು ಮನೆಯೆಲ್ಲ ಓಡಾಡುವ ತಾಯಂದಿರಿಗೆ ಇದು ಸಮಾಧಾನದ ಮಾತು, ಸರಿಯಾದದ್ದೂ ಹೌದು. ಆದರೆ ಅದೇ ಮಾತು ದೇಶದ ಹಸಿದವರ ಲೆಕ್ಕಕ್ಕೆ ಬಂದಾಗ ಬಲವಾದ ವಿರೋಧ ಬಂತು. ಶ್ರೀಮಂತನ ತಟ್ಟೆ ಸರಾಸರಿಯ ಮೇಲೆ ಕೆಳಗೆ ಎರಡೂ ಕಡೆ ಆಡುತ್ತದೆ. ಬಡವನದು ಕೆಳಗೇ ಇದ್ದು ಅಲ್ಲಿಯೇ ಆಡುತ್ತದೆ. ಮೈ ಹೊಂದಿಸಿಕೊಂಡಿತು ಅನ್ನುವುದೋ, ಮೈ ಸೋತಿತು ಅನ್ನುವುದೋ? ನಾನು ಪಂಡಿತನಲ್ಲ. ಅನ್ನ ಬಡಿಸುವ ಕೈಯವರು ಈ ವಾದದಲ್ಲಿ ಯಾವ ಕಡೆ ನಿಲ್ಲುತ್ತಾರೆ ಎಂದು ಊಹಿಸಬಲ್ಲೆ.

ನಾನೂ ಒಮ್ಮೆ ಹೀಗೆ ತಪ್ಪಿದ್ದೇನೆ. 2005ರ ಜುಲೈ 26ರ ಮಧ್ಯಾಹ್ನ. ನಮ್ಮ ಮನೆಗೆ ಪಾತ್ರೆಗೆ ಬರುವ ಬಾಯಿ ಕಾಲೀನಾ ಕಡೆಯಿಂದ ಬರುತ್ತಿದ್ದಳು. ಬೆಳಿಗ್ಗೆ ಬಂದು ಹೋಗಿದ್ದವಳು ಸಂಜೆ ಬರಲಿಲ್ಲ. ನಮ್ಮ ಕಟ್ಟಡದ ಮುಂದೆ ಹಿಮ್ಮಡಿ ಮುಳುಗುವಷ್ಟು ನೀರು. ಮುಂಬಯಿಯ ಜುಲೈಯಲ್ಲಿ ಅದೇನು ದೊಡ್ಡದು? “ಇಷ್ಟು ಮಳೆಗೆಲ್ಲ ರಜೆ ಹಾಕಿದರೆ ಆಯಿತು” ಎಂದು ನಾನು ಗೊಣಗಿದ್ದು ಹೆಂಡತಿಗೆ ಚೆನ್ನಾಗಿ ನೆನಪಿದೆ. ಆ ಒಂದು ದಿನದಲ್ಲಿ ಕೊಲಾಬಾದ ಮಾಪಕದಲ್ಲಿ ಬಿದ್ದ ಮಳೆ 73 ಮಿಲಿಮೀಟರ್. ಅದೇ ಊರಿನ ಸಾಂತಾಕ್ರೂಜ್ ಮಾಪಕದಲ್ಲಿ 944. ಕಾಲೀನಾ ಇರುವುದು ಸಾಂತಾಕ್ರೂಜಿನಲ್ಲಿ. ಒಂದೇ ಊರು, ಒಂದೇ ಮೋಡ ಎಂದು ನಾನು ನನ್ನ ಕಿಟಕಿಯಿಂದ ಲೆಕ್ಕ ಹಾಕಿದ್ದೆ.

ನಾಲ್ಕನೆಯ ದಿನ ಅವಳು ಬಂದಳು. ಕೊರಳಿನವರೆಗೆ ನೀರು ಬಂದಿತ್ತಂತೆ, ಅಕ್ಕಿ ಡಬ್ಬ ತೇಲಿ ಹೋಗಿತ್ತಂತೆ. ಇವನ್ನೆಲ್ಲ ಹೇಳಿದ್ದು ಆಮೇಲೆ, ಹೆಂಡತಿ ಕೂರಿಸಿ ಚಹಾ ಕೊಟ್ಟ ಮೇಲೆ. ಬಾಗಿಲಲ್ಲಿ ನಿಂತು, ಸೆರಗಿನ ತುದಿ ಹಿಂಡುತ್ತ, ಅವಳು ಮೊದಲು ಕೇಳಿದ್ದು ನನ್ನನ್ನು: “ಇಲ್ಲೇನೂ ಆಗಲಿಲ್ಲ ತಾನೇ, ದಾದಾ?”

ಮಾವಶಿಯ ಮಗ ಈಚೆಗೆ ಅವಳಿಗೆ ಬ್ಯಾಟರಿ ತಕ್ಕಡಿ ತಂದುಕೊಟ್ಟಿದ್ದಾನೆ. ಕೆಂಪು ಅಂಕಿ ಮಿನುಗುವಂಥದು. ಮುಳ್ಳಿಲ್ಲ, ಬಟ್ಟಿಲ್ಲ, ಆಟವಿಲ್ಲ. ಮೊನ್ನೆ ಅರ್ಧ ಕಿಲೋ ಬೆಂಡೆ ಕೇಳಿದೆ. ಅವಳು ಒಂದು ಹಿಡಿ ಹಾಕಿದಳು, ಇನ್ನೊಂದು ಅರ್ಧ ಹಿಡಿ. ಅಂಕಿ 485ಕ್ಕೆ ಬಂತು, ಒಂದು ಕಾಯಿಗೆ 496 ಆಯಿತು, ಮತ್ತೊಂದಕ್ಕೆ 508. ಸಾಕು ಮಾವಶಿ, ಆಯಿತಲ್ಲ ಅಂದೆ. ಅವಳಿಗೆ ಅಂಕಿಯ ಕಡೆ ಲಕ್ಷ್ಯವಿರಲಿಲ್ಲ. ನನ್ನ ಚೀಲದ ಬಾಯಿ ಅಗಲಿಸಿ ಬೆಂಡೆ ಸುರಿದಳು, ಒದ್ದೆ ಬಟ್ಟೆಯ ಅಡಿ ಕೈ ಹಾಕಿ ನಾಲ್ಕು ಎಳೆ ಕೊತ್ತಂಬರಿ ಕಿತ್ತು ಮೇಲಿಟ್ಟು, ಹಿಂದೆ ನಿಂತವಳನ್ನು ಏನು ಬೇಕೆಂದು ಕೇಳಿದಳು.